ಟೈರಿನ ಸ್ಟಾಂಪು

ಬಸ್ ಡಿಪೋದ ಆಫೀಸಿನಲ್ಲಿ ಇದ್ದದ್ದು ಒಂದೇ ರಬ್ಬರ್ ಸ್ಟಾಂಪು: ‘ಅನ್‌ಫಿಟ್’. ಸವೆದ ಟೈರಿನ ಚೀಟಿಗೂ ಅದೇ, ಸ್ಪ್ರಿಂಗ್ ಕಿತ್ತುಬಂದ ಸೀಟಿನ ಚೀಟಿಗೂ ಅದೇ, ಕೆಲಸಕ್ಕೆ ಬೇಡವಾದ ಮನುಷ್ಯರ ಫೈಲಿಗೂ ಅದೇ. ಟೈಪಿಸ್ಟ್ ಹುಡುಗಿ ಎರಡು ವರ್ಷದಿಂದ ತುಟಿಪಿಟಕ್ಕೆನ್ನದೆ ಅದನ್ನು ಒತ್ತುತ್ತಾ ಬಂದಿದ್ದಳು. ಅವಳ ಮಾತೇನಿದ್ದರೂ ಡೈರಿಯ ಜೊತೆ.

ಆ ಬೆಳಿಗ್ಗೆ ಮೇಜಿನ ಮೇಲೆ ಗುಡುಗಣ್ಣನ ಫೈಲು ಬಂದು ಕೂತಿತ್ತು. ಇಪ್ಪತ್ತಾರು ವರ್ಷ ಬಸ್ ಓಡಿಸಿದ ಡ್ರೈವರ್ ಅವನು. ದನಿ ಗುಡುಗಿನಂಥದ್ದು, ಪಿಸುಗುಟ್ಟಿದರೂ ವರ್ಕ್‌ಶಾಪಿನವರು ತಿರುಗಿ ನೋಡುತ್ತಿದ್ದರು. ಮಂಡಿ ಬಿಗಿದಿದೆ, ಇನ್ನು ಕ್ಲಚ್ ಒತ್ತುವಂತಿಲ್ಲ ಎಂದು ಡಾಕ್ಟರು ಬರೆದಿದ್ದರು. ಸ್ಟಾಂಪು ಬಿದ್ದರೆ ಇವತ್ತೇ ಕೆಲಸಕ್ಕೆ ಎಳ್ಳುನೀರು.

“ಒತ್ತಮ್ಮಾ, ಯಾಕೆ ತಡ?” ಎಂದರು ಮ್ಯಾನೇಜರು.

“ಒತ್ತು ತಂಗಿ,” ಬಾಗಿಲಲ್ಲಿ ನಿಂತ ಗುಡುಗಣ್ಣನೂ ಅಂದ. “ನಾನೂ ಸವೆದ ಟೈರೇ ಬಿಡು.”

ಅವನ ದನಿ ಅಷ್ಟು ಮೆಲ್ಲಗೆ ಬಂದದ್ದು ಅದೇ ಮೊದಲು. ಅವಳು ಎತ್ತಿದ ಸ್ಟಾಂಪನ್ನು ಮೇಜಿನ ಮೇಲೇ ಇಟ್ಟಳು.

“ಸರ್... ಅನ್‌ಫಿಟ್ ಅಲ್ಲ ಸರ್. ಅನ್‌ಸೂಟಬಲ್.”

ಮ್ಯಾನೇಜರು ಕನ್ನಡಕ ತೆಗೆದರು. “ಓಹೋ, ನಿನಗೂ ಬಾಯಿದೆ! ಎರಡೂ ಒಂದೇ ಅಲ್ವೇನಮ್ಮಾ?”

ಅವಳ ಕಿವಿ ಕೆಂಪಾಯಿತು. “ನಿಮ್ಮ ಕೋಟು ನಾನು ಹಾಕ್ಕೊಂಡ್ರೆ ನನಗೆ ಒಪ್ಪಲ್ಲ, ಅದು ಅನ್‌ಸೂಟಬಲ್. ಹಾಗಂತ ಕೋಟೇನೂ ಹರಿದಿಲ್ವಲ್ಲ ಸರ್? ಯಾರ ಕೆಲಸಕ್ಕೂ ಬಾರದ ಹಾಗೆ ಚಿಂದಿಯಾದ್ರೆ ಅನ್‌ಫಿಟ್. ಅಣ್ಣ ಸ್ಟೇರಿಂಗಿಗೆ ಆಗಲ್ಲ, ಅಷ್ಟೇ. ಡಿಪೋ ಮುಂದಿನ ಬಸ್‌ಸ್ಟ್ಯಾಂಡಿನ ಮೈಕ್ ಕೆಟ್ಟು ಮೂರು ತಿಂಗಳಾಯ್ತು, ಯಾವ ಬಸ್ಸು ಯಾವಾಗ ಹೊರಡುತ್ತೆ ಅಂತ ಜನಕ್ಕೇ ಗೊತ್ತಾಗ್ತಿಲ್ಲ...”

ಇಷ್ಟುದ್ದ ಮಾತಾಡಿದ್ದು ತಾನೇನಾ ಎಂದು ಅವಳಿಗೇ ಅನುಮಾನ.

“ಹಾಗಾದ್ರೆ ತಂಗಿ, ನಾನು ಚಡ್ಡೀಲಿ ಆಫೀಸಿಗೆ ಬಂದ್ರೆ?” ಗುಡುಗಣ್ಣನ ದನಿ ಮರಳಿತ್ತು.

“ಅದು ಇನ್‌ಅಪ್ರೋಪ್ರಿಯೇಟ್ ಅಣ್ಣಾ, ಮರ್ಯಾದೆ ಅಲ್ಲ.”

ಮ್ಯಾನೇಜರು ಹೊಟ್ಟೆ ಕುಲುಕಿಸಿ ನಕ್ಕರು. ಸ್ಟಾಂಪನ್ನು ಪಕ್ಕಕ್ಕೆ ತಳ್ಳಿ, ಪೆನ್ನಿನಲ್ಲೇ ಬರೆದರು: ‘ಡ್ರೈವಿಂಗಿಗೆ ಅನ್‌ಸೂಟಬಲ್. ನಾಳೆಯಿಂದ ಬಸ್ಸುಗಳನ್ನು ಕೂಗಿ ಹೇಳುವ ಕೆಲಸಕ್ಕೆ ಹಾಜರಾಗತಕ್ಕದ್ದು.’

ಮರುದಿನ ಆಫೀಸಿನ ಕಿಟಕಿಗಾಜು ಗಡಗಡ ಅಂದಿತು. “ಹನ್ನೆರಡನೇ ನಂಬರ್ ಹೊರಡ್ತಿದೆ! ನಿಂತೋರು ಓಡಿ, ಕೂತೋರು ಜರುಗಿ! ಟೈಪಿಸ್ಟ್ ತಂಗೀ, ಟೀ ಬಂದಿದೆ!”

ಡಿಪೋ ಇಡೀ ಕಿಟಕಿಯತ್ತ ತಿರುಗಿತು. ನಿನ್ನೆಯವರೆಗೆ ಆಗಿದ್ದರೆ ಅವಳು ಮೇಜಿನಡಿ ಅಡಗುತ್ತಿದ್ದಳು. ಇವತ್ತು ತಲೆ ಹೊರಗೆ ಹಾಕಿ, “ಬಂದೇ ಅಣ್ಣಾ!” ಎಂದು ಕೂಗಿದಳು. ಹನ್ನೆರಡನೇ ನಂಬರಿನ ಹಿಂದಿನ ಸೀಟಿನವರಿಗೂ ಅದು ಕೇಳಿಸಿತು.