ಪಿತ್ತದ ಗಂಧೆ

ಗಾಜಿನ ಸಿರಿಂಜು ಆಗಲೇ ಸ್ಟೀಲ್ ಪಾತ್ರೆಯಲ್ಲಿ ಕುದಿಯುತ್ತಿತ್ತು. ಪಕ್ಕದ ಒಲೆಯ ಮೇಲೆ ಜಯದೇವಿ ಚಹಾಕ್ಕಿಟ್ಟಿದ್ದಳು. ಅವಳ ಅತ್ತೆ ಗಂಗವ್ವ ಹುಬ್ಬಳ್ಳಿಯಿಂದ ಸೀರೆಗಳ ನಡುವೆ ಸುತ್ತಿಕೊಂಡು ತಂದಿದ್ದ ಪೆನಿಸಿಲಿನ್ ಬಾಟಲಿಗಳು ಕಲ್ಲಿನಾಥನ ಮುಂದಿದ್ದವು.

"ಇಲ್ಲಿ ಡಾಕ್ಟರ್ ಮಾತು ನನಗ ತಿಳಿಯೂದಿಲ್ಲ, ನನ್ನ ಮಾತು ಅವರಿಗೆ ತಿಳಿಯೂದಿಲ್ಲ. ನೀನೇ ಒಂದು ಸೂಜಿ ಮಾಡಿಬಿಡು, ಡಾಕ್ಟರಪ್ಪಾ," ಎಂದಳು ಗಂಗವ್ವ. ಬೇಸ್‌ಮೆಂಟಿನ ಮೆಟ್ಟಿಲು ತಾಗಿ ಆದ ಸಣ್ಣ ಗಾಯ ಮೂರೇ ದಿನಕ್ಕೆ ಕಾಲನ್ನು ಮೊಣಕಾಲವರೆಗೆ ಕೆಂಪಗೆ ಬಿಗಿಸಿತ್ತು. ಜ್ವರ ನೂರಾ ಎರಡು.

ಗದಗಿನ ಆಸ್ಪತ್ರೆಯಲ್ಲಿ ಆರು ವರ್ಷ ದಿನಕ್ಕೆ ನೂರು ರೋಗಿಗಳನ್ನು ನೋಡಿದವನು ಕಲ್ಲಿನಾಥ. ಅಮೆರಿಕದ ಲಿವೋನಿಯಾ ಊರಿಗೆ ಬಂದ ಮೇಲೆ ಇಲ್ಲಿನ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ, ಒಂದು ಲ್ಯಾಬಿನಲ್ಲಿ ಗಾಜಿನ ಕೊಳವೆ ತೊಳೆಯುತ್ತಿದ್ದ. ಇಡೀ ದೇಶದಲ್ಲಿ ಅವನನ್ನು ಡಾಕ್ಟರ್ ಅನ್ನುತ್ತಿದ್ದವಳು ಗಂಗವ್ವ ಒಬ್ಬಳೇ. ಪ್ರತಿ ಶನಿವಾರ ಅವಳ ಮಗ, ತನ್ನ ಗೆಳೆಯ ಗುರುಲಿಂಗಪ್ಪನ ಮನೆಗೆ ಬರುತ್ತಿದ್ದುದು ಆ ಒಂದು ಮಾತಿಗಾಗಿ. ರೊಟ್ಟಿ ಊಟ ಬರೀ ನೆಪ.

ಅವನು ಕೈ ತೊಳೆದು ಬಂದು ಸಿರಿಂಜು ಎತ್ತಿಕೊಂಡ. ಎರಡು ವರ್ಷದ ಮೇಲೆ ಅದು ಕೈಗೆ ಬಂದಿತ್ತು. ಎದೆ ತುಂಬಿದಂತಾಯಿತು. ರೂಢಿಯಂತೆ ಕೇಳಿದ, "ಯವ್ವಾ, ಹಿಂದ ಈ ಸೂಜಿ ಮಾಡಿಸ್ಕೊಂಡಿದ್ರೇನು?"

"ಹೂಂ. ಗುರುಲಿಂಗನ ಮದುವಿ ಮುಂದ. ಏನೂ ಆಗಲಿಲ್ಲ. ಮೈ ತುರಿಸಿ ಒಂದೀಟು ಪಿತ್ತದ ಗಂಧಿ ಎದ್ದು ತುಟಿ ಬಾತಿತ್ತು. ಮಾವಿನಹಣ್ಣು ತಿಂದಿದ್ನಲ್ಲ, ಅದರ ಕಾವು."

ಕಲ್ಲಿನಾಥ ಸಿರಿಂಜನ್ನು ಕೆಳಗಿಟ್ಟ.

"ಮೊದಲ ಒಂದು ಹನಿ ಟೆಸ್ಟ್ ಡೋಸ್ ಕೊಟ್ಟು ನೋಡೋ ಮಾರಾಯ," ಎಂದ ಬಾಗಿಲಲ್ಲಿ ನಿಂತಿದ್ದ ಗುರುಲಿಂಗಪ್ಪ. "ಊರಾಗ ಸಾವಿರ ಮಂದಿಗೆ ಮಾಡಿದಾಂವ ನೀ."

"ಅದು ಮಾವಿನಹಣ್ಣಿಂದಲ್ಲೋ. ಈ ಔಷಧಾನೇ ಆಕಿಗೆ ಆಗಿಬರೂದಿಲ್ಲ. ಈ ಸಲ ಉಸಿರು ಕಟ್ಟಿತಂದ್ರ, ಉಳಿಸಾಕ ಈ ಮನ್ಯಾಗ ನನ್ನ ಹತ್ರ ಏನೈತಿ? ಗಾಡಿ ತಗಿ."

ಆಸ್ಪತ್ರೆಯ ಡಾಕ್ಟರು ಅವನಿಗಿಂತ ಚಿಕ್ಕವನು. ಪೆನಿಸಿಲಿನ್, ಗಂಧೆ, ತುಟಿಯ ಬಾವು ಎಲ್ಲವನ್ನೂ ಕಲ್ಲಿನಾಥ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ. ಆತ ಕೆಂಪು ಶಾಯಿಯಲ್ಲಿ ಬರೆದುಕೊಂಡು, "ಹೇಳಿದ್ದು ಒಳ್ಳೆಯದಾಯಿತು, ಬೇರೆ ಔಷಧ ಕೊಡುತ್ತೇವೆ. ನೀವು ಇವರಿಗೆ ಏನಾಗಬೇಕು?" ಎಂದ.

"ಮಗನ ಸ್ನೇಹಿತ," ಎಂದ ಕಲ್ಲಿನಾಥ.

"ಏನಂದ ಅವ?" ಗಂಗವ್ವ ಅವನ ತೋಳು ಹಿಡಿದಳು.

"ಬ್ಯಾರೆ ಔಷಧ ಕೊಡ್ತಾರಂತ."

"ಸೂಜಿ ನೀನೇ ಮಾಡ್ತಿ ಹೌದಲ್ಲೋ?"

"ನಾ ಇಲ್ಲಿ ಡಾಕ್ಟರ್ ಅಲ್ಲ, ಯವ್ವಾ."

ಇಂಗ್ಲಿಷಿನಲ್ಲಿ ಈ ಮಾತನ್ನು ಎಷ್ಟೋ ಕಡೆ ಹೇಳಿದ್ದ. ಕನ್ನಡದಲ್ಲಿ ಹೇಳಿದ್ದು ಇದೇ ಮೊದಲು.

ನರ್ಸ್ ಬಂದು ಅವಳ ಬಲಗೈ ಒರೆಸತೊಡಗಿದಳು. ಗಂಗವ್ವ ಅತ್ತ ನೋಡಲಾರದೆ ಮುಖ ತಿರುಗಿಸಿ, ಎಡಗೈಯನ್ನು ಕಲ್ಲಿನಾಥನಿಗೆ ಕೊಟ್ಟಳು. ಅವನು ಹಿಡಿದುಕೊಂಡ. ಹಸಿರು ಬಳೆಗಳನ್ನು ಸರಿಸಿ ಅವನ ಬೆರಳುಗಳು ತಾವಾಗಿ ನಾಡಿಯ ಮೇಲೆ ಹೋದವು. ಗೋಡೆಯ ಗಡಿಯಾರ ನೋಡುತ್ತ ಎಣಿಸತೊಡಗಿದ. ಸ್ವಲ್ಪ ಹೊರಗೆ ನಿಲ್ಲಿ ಎಂದು ನರ್ಸ್ ಹೇಳಿದಾಗ ಎಣಿಕೆ ನಲವತ್ತೆರಡಕ್ಕೆ ಬಂದಿತ್ತು.