ಪ್ಲಾನಿನ ಹನ್ನೊಂದನೆಯ ಪುಟ

ಪ್ರಪಂಚ ಕುಸಿದು ಬೀಳುವ ದಿನಕ್ಕೆಂದು ನನ್ನ ಗಂಡ ದೇವದಾಸರು ನಲವತ್ತು ಪುಟದ ಪ್ಲಾನು ಬರೆದಿಟ್ಟಿದ್ದಾರೆ. ೨೦೨೦ರಲ್ಲಿ ಅಂಗಡಿಗಳ ಕಪಾಟು ಖಾಲಿಯಾದಾಗ ಹತ್ತಿದ ರೋಗ ಅದು. ೨೦೨೫ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಬೆಂಕಿ ನೋಡಿದ ಮೇಲೆ ಉಲ್ಬಣಿಸಿತು. ಅದರ ಪಕ್ಕದ ಊರಾದ ಡೈಮಂಡ್ ಬಾರಿನ ನಮ್ಮ ಗ್ಯಾರೇಜಿನಲ್ಲಿ ಈಗ ಕುಚ್ಚಲಕ್ಕಿ, ನೀರಿನ ಡ್ರಮ್ಮು, ಸೋಲಾರ್ ಪ್ಯಾನೆಲ್ಲು ತುಂಬಿ ಕಾರಿಗೇ ಜಾಗವಿಲ್ಲ. ಕರೆಂಟು, ಫೋನು, ಪೊಲೀಸು ಎಲ್ಲ ಒಂದೇ ದಿನ ನಿಂತುಹೋದರೆ ಮೂರು ದಿನ ಮನೆಯಲ್ಲಿದ್ದು, ನಾಲ್ಕನೆಯ ದಿನ ಸ್ನೇಹಿತ ಗೋಪಿನಾಥರ ಮರುಭೂಮಿಯ ಮನೆಗೆ ಹೊರಡುವುದಂತೆ. ಮಾಡಿಕೊಳ್ಳಲಿ ಎಂದು ನಾನು ಸುಮ್ಮನಿದ್ದೆ.

ಹನ್ನೊಂದನೆಯ ಪುಟ ಓದಿದ ದಿನ ಮಾತ್ರ ಮೈಯೆಲ್ಲ ಉರಿಯಿತು. ‘ನಿಶ್ಮಿತಾ: ತಾನೇ ಬರಬೇಕು’ ಎಂದು ಬರೆದಿದ್ದರು. ನಿಶ್ಮಿತಾ ನಮ್ಮ ಒಬ್ಬಳೇ ಮಗಳು. ನೂರು ಮೈಲಿ ದೂರ, ಸ್ಯಾನ್ ಡಿಯಾಗೋದ ಯೂನಿವರ್ಸಿಟಿ ಸಿಟಿ ಬಡಾವಣೆಯಲ್ಲಿದ್ದಾಳೆ. ಏಳು ತಿಂಗಳ ಬಸುರಿ. ಅಳಿಯ ದೀಕ್ಷಿತ್ ತಿಂಗಳಲ್ಲಿ ಇಪ್ಪತ್ತು ದಿನ ಕೆಲಸದ ಮೇಲೆ ಬೇರೆ ಊರಿನಲ್ಲಿರುತ್ತಾನೆ.

“ಬಸುರಿ ಹೆಂಗಸು ಒಬ್ಬಳೇ ಹೇಗೆ ಬರ್ತಾಳೆ ಮಾರಾಯ್ರೆ?” ಎಂದು ಕೇಳಿದೆ.

“ಅವಳಿಗೆ ಡ್ರೈವಿಂಗ್ ಬರ್ತದಲ್ಲ. ನಾನು ಹೊರಟ್ರೆ ಈ ಸಾಮಾನು ಕಾಯುವವರು ಯಾರು?”

“ನೀವು ಕಾಯ್ತಾ ಇರಿ. ನಾನು ಹೋಗಿ ಕರ್ಕೊಂಡು ಬರ್ತೇನೆ.”

ಅವರು ನಕ್ಕರು. “ನೀನಾ? ಲೈಸೆನ್ಸ್ ಸಿಕ್ಕಿ ಇಪ್ಪತ್ತೆರಡು ವರ್ಷ ಆಯ್ತು. ಒಂದು ದಿನ ಫ್ರೀವೇ ಹತ್ತಿದ್ದುಂಟಾ?”

ಹತ್ತಿರಲಿಲ್ಲ, ನಿಜ. ಆದರೆ ಆ ನಗು ನನಗೆ ಸಹಿಸಲಾಗಲಿಲ್ಲ. ಯುದ್ಧಕಾಲೇ ಶಸ್ತ್ರಾಭ್ಯಾಸ ಆಗಬಾರದು ಎಂದು ದಿನಕ್ಕೆ ಹತ್ತು ಸಲ ಹೇಳುವವರೂ ಅವರೇ ತಾನೆ? ಶನಿವಾರ ಬೆಳಿಗ್ಗೆ ಆರಕ್ಕೆ ‘ಮಗಳ ಮನೆಗೆ ಹೊರಟಿದ್ದೇನೆ, ಅಭ್ಯಾಸಕ್ಕೆ’ ಎಂದು ಚೀಟಿ ಬರೆದಿಟ್ಟು, ಆ ದಿನ ಫೋನೂ ಇರುವುದಿಲ್ಲವಲ್ಲ ಎಂದು ಫೋನು ಆಫ್ ಮಾಡಿ, ಕಾರು ತೆಗೆದೆ.

ಮೊದಲ ಅರ್ಧ ಗಂಟೆ ಕೊಲ್ಲೂರಿನಿಂದ ಕಟೀಲಿನವರೆಗಿನ ದೇವರನ್ನೆಲ್ಲ ಕರೆದೆ. ಲಾರಿಗಳು ಮೈಮೇಲೆಯೇ ಬಂದಂತಾಗುತ್ತಿತ್ತು. ಎರಡು ಸಲ ತಪ್ಪು ಎಕ್ಸಿಟ್ ತೆಗೆದುಕೊಂಡು ಯಾವುದೋ ಗುಡ್ಡದ ಬಡಾವಣೆಯಲ್ಲಿ ಗಂಟೆಗಟ್ಟಲೆ ಸುತ್ತಿದೆ. ಕೊನೆಗೊಮ್ಮೆ ಬಲಗಡೆ ಸಮುದ್ರ ಕಂಡಿತು. ಉಡುಪಿಯಿಂದ ಮಂಗಳೂರಿಗೆ ಹೋಗುವಾಗಲೂ ಸಮುದ್ರ ಬಲಕ್ಕೇ ಇರುವುದು. ನೀರು ಬಲಕ್ಕಿದ್ದರೆ ನಾನು ದಕ್ಷಿಣಕ್ಕೇ ಹೋಗುತ್ತಿದ್ದೇನೆ. ಇಷ್ಟಕ್ಕೆ ಫೋನು ಯಾಕೆ? ಆಮೇಲೆ ಹೆದರಿಕೆ ಹೋಯಿತು.

ಹನ್ನೊಂದೂವರೆಗೆ ಮಗಳ ಮನೆ ಮುಟ್ಟಿದೆ. ಬಾಗಿಲಿಗೆ ಬೀಗ. ಪಕ್ಕದ ಮನೆಯ ಕನ್ನಡಿಗ ವಿದ್ಯಾರ್ಥಿನಿ ಹೊರಗೆ ಬಂದು, “ಅಮ್ಮ ಇನ್ನೂ ಬಂದಿಲ್ಲ ಅಂತ ನಿಶ್ಮಿತಾ ನಿಮ್ಮನ್ನು ಹುಡುಕೋಕೆ ಹೋದ್ರು” ಎಂದಳು. ಚೀಟಿ ನೋಡಿದ ಇವರು ಮಗಳಿಗೆ ಫೋನು ಮಾಡಿದ್ದರು. ನಾಲ್ಕು ಗಂಟೆ ಹೊತ್ತು ಕಾದ ಅವಳು ಆ ಹೊಟ್ಟೆ ಹೊತ್ತುಕೊಂಡು ಹೊರಟೇಬಿಟ್ಟಿದ್ದಳು.

ಕೂಡಲೇ ಫೋನು ಆನ್ ಮಾಡಿ ಕರೆದೆ. ಅವಳು ಆಗಲೇ ಇಪ್ಪತ್ತೈದು ಮೈಲಿ ಉತ್ತರದ ಓಷನ್‌ಸೈಡ್ ತಲುಪಿದ್ದಳು.

“ನಾನು ನಿನ್ನ ಬಾಗಿಲಲ್ಲೇ ಇದ್ದೇನೆ. ಎಲ್ಲಾದ್ರೂ ನಿಲ್ಸಿ ನೀರು ಕುಡಿ, ಆಮೇಲೆ ನಿಧಾನಕ್ಕೆ ತಿರುಗಿ ಬಾ” ಎಂದೆ.

ನೋಯುವ ಮೊಣಕಾಲು ಚಾಚಿ ಮೆಟ್ಟಿಲ ಮೇಲೆ ಕುಳಿತೆ. ಪ್ರಪಂಚ ನಿಜವಾಗಿಯೂ ಇವತ್ತೇ ಕುಸಿದಿದ್ದರೆ ಈ ಫೋನು ಇರುತ್ತಿರಲಿಲ್ಲ. ನಾನು ಅವಳ ಬಾಗಿಲಲ್ಲಿ, ಅವಳು ನನ್ನ ಬಾಗಿಲಲ್ಲಿ, ನಡುವೆ ನೂರು ಮೈಲಿ. ಇವರ ನಲವತ್ತು ಪುಟದಲ್ಲಿ ಇದು ಇರಲಿಲ್ಲ, ನನ್ನ ತಲೆಯಲ್ಲೂ ಇರಲಿಲ್ಲ. ಅಳು ಬಂತು, ಅತ್ತುಬಿಟ್ಟೆ.

ನಿಶ್ಮಿತಾ ಬಂದವಳೇ, “ನಿಂಗೆ ತಲೆ ಕೆಟ್ಟಿದ್ಯಾ ಅಮ್ಮ?” ಎಂದು ಶುರುಮಾಡಿದಳು. ಪೂರ್ತಿ ಬೈಯಲು ಬಿಟ್ಟೆ.

“ಮುಗೀತಾ? ಈಗ ಕೇಳು. ಎಂತ ಆದ್ರೂ ನೀನು ಈ ಮನೆ ಬಿಟ್ಟು ಕದಲಬಾರ್ದು. ಬರುವುದು ನನ್ನ ಕೆಲಸ.”

“ನೀನು ಬಾರದಿದ್ರೆ?”

“ಇವತ್ತು ಬರ್ಲಿಲ್ವಾ?”

“ರೋಡೇ ಬಂದ್ ಆದ್ರೆ?”

“ನಡ್ಕೊಂಡು ಬರ್ತೇನೆ. ದಿನಕ್ಕೆ ಹತ್ತು ಮೈಲಿ ಅಂದ್ರೂ ಹತ್ತು ದಿನ. ಅಷ್ಟು ಕಾಯ್ಲಿಕ್ಕೆ ಆಗ್ತದಾ?”

ಅವಳು ನನ್ನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕುಳಿತಳು.

“ಹನ್ನೆರಡು ದಿನ ಕಾಯ್ತೇನೆ” ಎಂದಳು. “ನಿನ್ನ ಮೊಣಕಾಲು ನೋವಿಗೆ ಎರಡು ದಿನ ಜಾಸ್ತಿ.”