ಗುಳ್ಳೆಗಳಿಲ್ಲದ ಸಾಲು

ಶರತ್ಕಾಲದ ಕೊನೆಯ ಬಿಸಿಲು ಎಷ್ಟು ಬಡವಾಗಿರುತ್ತದೆಂದು ಅರಿಯಬೇಕಾದರೆ, ಸಹೃದಯರೇ, ತೆರೆದ ಆಕಾಶದ ಕೆಳಗಿನ ಈಜುಕೊಳವೊಂದನ್ನು ಮುಂಜಾನೆಯಲ್ಲಿ ನೋಡಬೇಕು! ಬೇಸಗೆಯುದ್ದಕ್ಕೂ ಮಕ್ಕಳ ಕಲರವದಿಂದ ತುಳುಕುತ್ತಿದ್ದ ಆ ನೀಲಜಲರಾಶಿ ಈಗ ನಿಶ್ಶಬ್ದ... ಹಳದಿ ಎಲೆಗಳು ಒಂದೊಂದಾಗಿ ಇಳಿದು ಅದರ ಮೇಲೆ ಕೂರುತ್ತಿದ್ದವು. ತೆಳುವಾದ ಹಬೆಯೊಂದು ನೀರಿನಿಂದೆದ್ದು, ಆಚೆ ದಡದಲ್ಲಿ ಬಟ್ಟೆ ಬದಲಿಸುವ ಕೋಣೆಗಳ ಬಾಗಿಲುಗಳನ್ನು ಮಸುಕಾಗಿಸುತ್ತಿತ್ತು. ನಾಳೆ ನೀರು ಬಸಿದು, ಚಳಿಗಾಲ ಕಳೆಯುವವರೆಗೆ ಕೊಳವನ್ನು ಮುಚ್ಚುತ್ತಾರೆ.

ಅಂದು ಬಂದಿದ್ದ ಬೆರಳೆಣಿಕೆಯ ಮಂದಿಯಲ್ಲಿ ಒಬ್ಬಳು ಹೊಲಿಗೆಯವಳು. ನಲವತ್ತು ದಾಟಿದ ಒಂಟಿ ಹೆಣ್ಣು. ಗುಂಡುಪಿನ್ನುಗಳನ್ನು ತುಟಿಗಳ ನಡುವೆ ಕಚ್ಚಿಕೊಂಡು, ಕೈ ನಡುಗದಿರಲೆಂದು ಉಸಿರು ಬಿಗಿಹಿಡಿದು, ಮೇಲ್ಮಹಡಿಯ ಕಿರುಕೋಣೆಯಲ್ಲಿ ಅನ್ಯರ ಮದುವೆಯ ಉಡುಪುಗಳಿಗೆ ನೆರಿಗೆ ಹಾಕುತ್ತ ಯೌವನವನ್ನು ಸವೆಸಿದವಳು. "ಬಾಯಲ್ಲಿ ಪಿನ್ನಿಟ್ಕೊಂಡೇ ವಯಸ್ಸು ದಾಟಿಸಿಬಿಟ್ಯಲ್ಲೇ! ಬಂದ ಗಂಡುಗಳಿಗೆ ಹೂಂ ಅನ್ನೋಕೂ ನಿಂಗೆ ಬಾಯಿ ಖಾಲಿ ಇರ್ಲಿಲ್ಲ," ಎಂದು ಅವಳ ಅಕ್ಕ ಛೇಡಿಸುತ್ತಿದ್ದಳು. ಬಗ್ಗಿ ಬಗ್ಗಿ ಹಿಡಿದುಕೊಂಡಿದ್ದ ಭುಜಕ್ಕೆ ಈಜು ಒಳ್ಳೆಯದೆಂದು ಅವಳನ್ನು ಇಲ್ಲಿಗೆ ದಬ್ಬಿದವಳೂ ಆ ಅಕ್ಕನೇ.

ಈಜು ಬಂತು, ಉಸಿರಾಟ ಬರಲಿಲ್ಲ. ಮುಖ ನೀರಿಗಿಟ್ಟೊಡನೆ ತುಟಿಗಳು ಪಿನ್ನು ಕಚ್ಚಿದಂತೆ ಬಿಗಿದುಕೊಳ್ಳುತ್ತಿದ್ದವು. ಒಳಗಿನ ಗಾಳಿಯನ್ನು ಬಿಡದೆಯೇ ಬಲಕ್ಕೆ ಹೊರಳಿ, ಇನ್ನಷ್ಟು ಗಾಳಿಗಾಗಿ ಬಾಯ್ದೆರೆದು, ಗೋಡೆ ಮುಟ್ಟುವಷ್ಟರಲ್ಲಿ ಅವಳಿಗೆ ಏದುಸಿರು! "ನೀರೊಳಗೇ ಉಸಿರು ಬಿಡಮ್ಮಾ! ತುಂಬಿದ ಕೊಡಕ್ಕೆ ಇನ್ನೆಷ್ಟು ಸುರೀತೀಯ?" ಎಂದು ದಡದಿಂದ ಈಜಿನ ಮೇಷ್ಟ್ರು ಕೂಗಿ ಕೂಗಿ ಕೈಚೆಲ್ಲಿದ್ದರು.

ಆದರೂ ಅವಳು ಬರುವುದನ್ನು ಬಿಡಲಿಲ್ಲ. ಹೊರಳಿದಾಗ ಒಂದು ಕಣ್ಣು ನೀರಲ್ಲಿ, ಒಂದು ಕಣ್ಣು ಮೇಲೆ. ಆ ಮೇಲಿನ ಕಣ್ಣಿಗೆ ಪಕ್ಕದ ಈಜುಸಾಲಿನವನ ಮುಖ ಕಾಣುತ್ತಿತ್ತು! ಅವನು ಪುಸ್ತಕಗಳಿಗೆ ರಟ್ಟು ಕಟ್ಟುವವ. ಇವಳ ಬೀದಿಯ ತಿರುವಿನಲ್ಲೇ ಅಂಟಿನ ವಾಸನೆಯ ಅವನ ಅಂಗಡಿ. ಕೊಳದ ಆಳದ ಕಡೆಗೆ ಸಾಗುವಾಗ ಇವಳು ಬಲಕ್ಕೆ ಹೊರಳಿದರೆ ಅವನು ಎಡಕ್ಕೆ ಹೊರಳುತ್ತಿದ್ದ. ಒಂದು ಗುಟುಕು ಗಾಳಿಯಷ್ಟು ಹೊತ್ತು ಎರಡು ಮುಖಗಳು ಎದುರುಬದುರಾಗಿ ಮತ್ತೆ ಮುಳುಗುತ್ತಿದ್ದವು. ಮರಳುವಾಗ ಮಾತ್ರ ಬಲಕ್ಕೆ ಹೊರಳಿದ ಇವಳ ಪಾಲಿಗೆ ಕೊಳದಂಚಿನ ಬರಿಯ ಗೋಡೆ... ಆಗ ಅವನೂ ತನಗೆ ಬೆನ್ನಾಗಿರುತ್ತಾನೆಂದು ಭಾವಿಸಿ, ಆ ಅರ್ಧಯಾನವನ್ನು ಅವಳು ಪರಮ ಏಕಾಕಿಯಾಗಿ ಕ್ರಮಿಸುತ್ತಿದ್ದಳು. ಪ್ರತಿ ಉಸಿರಿಗೂ ಅವನು ತನ್ನನ್ನು ನೋಡುತ್ತಾನೆಂಬ ನಂಬಿಕೆಯೊಂದರಿಂದಲೇ ಆ ಬೇಸಗೆ ಅವಳಿಗೆ ಬೇಸಗೆಯಾಗಿತ್ತು. ಇಂದು ಮಾತಾಡದಿದ್ದರೆ ಮುಂದೆ ಉದ್ದದ ಚಳಿಗಾಲ.

ಅವನು ಮೆಟ್ಟಿಲ ಬಳಿ ನಿಂತಿದ್ದ. ಅವಳು ಹತ್ತಿರ ಹೋದಳು.

"ನಾಳೆಯಿಂದ ಕೊಳ ಇರಲ್ವಂತೆ..."

ಅವನು ಕಣ್ಣು ಕಿರಿದಾಗಿಸಿ ದನಿ ಬಂದತ್ತ ನೋಡಿದ. "ಕ್ಷಮಿಸಿ, ಯಾರು ಅಂತ ಗೊತ್ತಾಗ್ಲಿಲ್ಲ. ಕನ್ನಡಕ ತೆಗೆದ್ರೆ ನಂಗೆ ಕೈಯಳತೆ ಆಚೆ ಎಲ್ಲಾ ಮಂಜು."

ಅಯ್ಯೋ! ಒಂದಿಡೀ ಋತುವಿನ ದೃಷ್ಟಿಮಿಲನ ಒಂದು ಮಾತಿಗೆ ಮಣ್ಣುಪಾಲಾಯಿತು. ಅವನು ನೋಡಿಯೇ ಇರಲಿಲ್ಲ... ನಾಚಿಕೆಯಿಂದ ಅವಳ ಕಿವಿಗಳು ಬಿಸಿಯಾದವು. "ಪಕ್ಕದ ಸಾಲಿನವಳು," ಎಂದಷ್ಟೇ ಹೇಳಿ ಹೊರಡಲು ತಿರುಗಿದಳು.

"ಅಂದ್ರೆ... ಉಸಿರು ಬಿಡದೇ ಇರೋರು ನೀವೇನಾ?"

ಅವಳು ನಿಂತಳು.

"ನೀರೊಳಗೆ ಎಲ್ಲರ ಗುಳ್ಳೆ ಸದ್ದು ಕೇಳುತ್ತೆ. ನಿಮ್ಮ ಸಾಲಿಂದ ಮಾತ್ರ ಏನೂ ಇಲ್ಲ. ಮುಳುಗಿಬಿಟ್ರೇನೋ ಅಂತ ಜೀವ ಬಾಯಿಗೆ ಬರ್ತಿತ್ತು. ಹೊರಳಿ ನೋಡಿದ್ರೆ ಒಂದು ನೆರಳು ಕಾಣೋದು. ಅದು ಅಲುಗಾಡಿದ್ರೆ ಸಮಾಧಾನ." ಅವನು ಸಂಕೋಚದಿಂದ ನಕ್ಕ. "ಹೋಗುವಾಗ ಸರಿ, ನಂದು ಎಡಗಡೆ ಉಸಿರೇ. ಬರುವಾಗ ನಿಮ್ಮ ಸಾಲು ನಂಗೆ ಬಲಕ್ಕೆ, ಆ ಕಡೆ ಹೊರಳೋಕೆ ಬರ್ತಿರ್ಲಿಲ್ಲ. ಎಷ್ಟು ನೀರು ಕುಡಿದು ಕಲಿತೆ ಗೊತ್ತಾ!"

ಬರುವಾಗಲೂ! ಗೋಡೆಗೆ ಮುಖಮಾಡಿ ಒಂಟಿಯಾಗಿ ತೇಲಿ ಬಂದಾಗಲೆಲ್ಲ, ಬೆನ್ನ ಹಿಂದೆ ಒಂದು ಕುರುಡು ಕಾಳಜಿ ತನ್ನತ್ತ ಹೊರಳುತ್ತಲೇ ಇತ್ತೆ? ಅವಳ ಕಣ್ಣುಗಳು ತುಂಬಿದವು.

"ನಂಗೆ ಉಸಿರು ಬಿಡೋಕೆ ಬರಲ್ಲ," ಎಂದಳು.

"ಗುನುಗಿ. ಯಾವ ಹಾಡಾದ್ರೂ ಸರಿ. ಉಸಿರು ತಾನಾಗೇ ಹೊರಗೆ ಬರುತ್ತೆ."

"ನೀರೊಳಗಾ? ಯಾರಾದ್ರೂ ಕೇಳಿದ್ರೆ?"

"ನಾನು ಕೇಳ್ತೀನಿ, ಅಷ್ಟೇ."

ಇಬ್ಬರೂ ನೀರಿಗಿಳಿದರು. ಅವಳು ಮುಖವಿಟ್ಟು, ಯಾವುದೋ ಮರೆತ ರಾಗದ ತುದಿಯನ್ನು ಹಿಡಿದಳು. ಬಿಗಿದ ತುಟಿ ಮೆಲ್ಲನೆ ಸಡಿಲಿತು... ವರ್ಷಗಳ ಉಸಿರು ಗುಳ್ಳೆಗುಳ್ಳೆಯಾಗಿ ಕೆನ್ನೆ ಸವರಿ ಮೇಲೇರಿತು! ಹೊರಳಿದಾಗ ಗಾಳಿ ಕರೆಯದೆಯೇ ಒಳಬಂತು. ಮರಳುವ ಹಾದಿಯಲ್ಲಿ ಮತ್ತದೇ ಗೋಡೆ ಎದುರಾಯಿತು. ಅವಳು ಗುನುಗುತ್ತಲೇ ಬಂದಳು.

ಆ ಚಳಿಗಾಲದಲ್ಲಿ ಅವರೇನಾದರೆಂದು ನನ್ನನ್ನು ಕೇಳಬೇಡಿ, ಸಹೃದಯರೇ. ನಮ್ಮನ್ನು ಕಂಡು ಮೆಚ್ಚುವ ಕಣ್ಣುಗಳಿಗಾಗಿ ನಾವು ಆಯುಷ್ಯವಿಡೀ ಹಂಬಲಿಸುತ್ತೇವೆ. ಆದರೆ ನಮ್ಮ ಮುಖವನ್ನೇ ಅರಿಯದ ಯಾರೋ ಒಬ್ಬರು, ಈ ಜೀವ ಇನ್ನೂ ಉಸಿರಾಡುತ್ತಿದೆಯೇ ಎಂದು ಮೌನದಲ್ಲಿ ಕಾತರಿಸುತ್ತಿರಬಹುದು... ಅದು ತಿಳಿಯದೆಯೇ ಎಷ್ಟು ಮಂದಿ ತಾವು ಒಂಟಿಯೆಂದುಕೊಂಡು ದಡ ಸೇರಿಬಿಡುತ್ತಾರೆ!